ರಾತ್ರಿಯ ಚಿಂತೆಗೆ ಸಂಜೆಯೇ ಹೊತ್ತು ಕೊಡಿ

ಮಕ್ಕಳು ಬೆಂಗಳೂರಲ್ಲೋ ಗಲ್ಫಿನಲ್ಲೋ, ಮನೆಯಲ್ಲಿ ಇಬ್ಬರೇ. ಕಾಸರಗೋಡಿನ ಎಷ್ಟೋ ತೋಟದ ಮನೆಗಳಲ್ಲಿ ಮಲಗಿದ ಮೇಲೆಯೇ ತಲೆಯೊಳಗೆ ಲೆಕ್ಕ ಶುರುವಾಗುವುದು: ಅಡಿಕೆಯ ಕೊಳೆರೋಗ, ಸಾಲ, ಮಗಳ ಮದುವೆ.

ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ 15 ನಿಮಿಷ ಜಗಲಿಯಲ್ಲಿ ಕೂತು ಚಿಂತೆಗಳನ್ನು ಬರೆಯಿರಿ. ಹಾಸಿಗೆಯಲ್ಲಿ ಕೂತು ಬರೆಯುವುದು ಬೇಡ. ಒಂದೊಂದರ ಎದುರು ನಾಳೆ ಮಾಡಬಹುದಾದ ಒಂದೇ ಕೆಲಸ. ‘ಕೊಳೆರೋಗ’ದ ಎದುರು ‘ಮದ್ದು ಬಿಡುವವನಿಗೆ ಬೆಳಗ್ಗೆ ಫೋನು’. ಮಾಡಲು ಏನೂ ಇಲ್ಲದಿದ್ದರೆ ‘ನನ್ನ ಕೈಯಲ್ಲಿಲ್ಲ’ ಎಂದೇ ಬರೆಯಿರಿ. ಹಾಗೆ ಬರೆಯುವುದೇ ಎಲ್ಲಕ್ಕಿಂತ ಕಷ್ಟ. ರಾತ್ರಿ ಅದೇ ವಿಚಾರ ಮರಳಿದರೆ ನಾಳೆ ಸಂಜೆಗೆ ಮುಂದೂಡಿ. ಮೊದಲ ವಾರ ಒಗ್ಗದಿದ್ದರೂ ಬಿಡಬೇಡಿ.

ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಫೋನ್ ಮುಟ್ಟಬೇಡಿ. ಮಂದ ಬೆಳಕಿನಲ್ಲಿ ಬಟ್ಟೆ ಮಡಚಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಹೊರಳಾಡುತ್ತಲೇ ಇದ್ದರೆ ಹಾಸಿಗೆಯೆಂದರೆ ಎಚ್ಚರ ಎಂದು ಮಿದುಳು ಕಲಿತುಬಿಡುತ್ತದೆ. ಎಷ್ಟೇ ತಡವಾಗಿ ನಿದ್ದೆ ಬಂದರೂ ಏಳುವ ಹೊತ್ತು ಬದಲಾಗಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ: ಮಧ್ಯಾಹ್ನ ಎರಡು ಗಂಟೆ ಮಲಗಿ ಸರಿದೂಗಿಸುತ್ತಾರೆ, ರಾತ್ರಿಯ ನಿದ್ದೆ ಮತ್ತೆ ಹಾಳು. ಮೂರರ ನಂತರ ಚಹಾ, ಕಾಫಿಯೂ ಬೇಡ.

ಎರಡು ವಾರ ಬಹುತೇಕ ದಿನ ಮನಸ್ಸು ಕುಗ್ಗಿಯೇ ಇದ್ದರೆ, ಊಟ ರುಚಿಸದಿದ್ದರೆ, ಡಾಕ್ಟರನ್ನು ಕಾಣಿ. ಒಳಗಿನ ಸಂಕಟವನ್ನು ಮಲಯಾಳದಲ್ಲಿ ಹೇಳಲು ಬಾರದೆ ‘ತಲೆನೋವು’ ಎಂದಷ್ಟೇ ಹೇಳಿ ಬಂದರೆ ಮಾತ್ರೆ ತಲೆನೋವಿನದೇ ಸಿಗುತ್ತದೆ. ಮೊದಲೇ ಬರೆದುಕೊಂಡು ಹೋಗಿ, ಭಾಷೆ ಬಲ್ಲ ಆಪ್ತರನ್ನು ಕರೆದೊಯ್ಯಿರಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವುದಲ್ಲ: ಆ ಕ್ಷಣವೇ ಮನೆಯವರನ್ನು ಎಬ್ಬಿಸಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲುರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.