ಸಣ್ಣ ಕೈಗೆ 44 ಎಂಎಂ ಡೈವ್ ವಾಚು: ಲೇತಲ್ಲಿ ಡಮ್ಮಿ ಮಾಡಿ ಕಟ್ಕೊಂಡು ನೋಡಿದ ನನ್ನ ಅನುಭವ

ನನ್ನ ಮಣಿಕಟ್ಟಿನ ಸುತ್ತಳತೆ ಆರೂವರೆ ಇಂಚು, ಅಂದ್ರೆ ಹತ್ರತ್ರ 165 ಎಂಎಂ. ಈ ಕೈಗೆ ರೋಲೆಕ್ಸ್ ಡೀಪ್‌ಸೀ, ಅಂದ್ರೆ ಸಮುದ್ರದಾಳಕ್ಕೆ ಮುಳುಗೋರಿಗೆ ಅಂತ ಮಾಡಿದ ಡೈವ್ ವಾಚು, ಕಟ್ತೀನಿ ಅಂದಾಗ ವಾಚ್ ಗೊತ್ತಿರೋರೆಲ್ಲ ಒಂದೇ ಮಾತು ಹೇಳಿದ್ರು, 44 ಎಂಎಂ ಗುರು, ನಿಂಗಾಗಲ್ಲ, ಅದೇ ಕಂಪನಿಯ ಸಣ್ಣ ಸಬ್‌ಮರೀನರ್ ತಗೋ ಸಾಕು ಅಂತ. ನಮ್ಮಪ್ಪನ ಎಚ್‌ಎಂಟಿ ಜನತಾ 35 ಎಂಎಂ ಅಷ್ಟೇ, ದಿನಾ ಕೀ ಕೊಡೋ ವಾಚು, ಅದು ನನ್ನ ಕೈಗೆ ಎಷ್ಟು ಚೆನ್ನಾಗಿ ಕೂರುತ್ತೆ ಅಂದ್ರೆ ಕಟ್ಟಿರೋದೇ ಮರ್ತೋಗುತ್ತೆ. ಆದ್ರೂ ನಂಗೆ ಬೇಕಾಗಿದ್ದು ಆ ದಪ್ಪನೆ ವಾಚೇ. ನಂದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಮಷೀನ್ ಶಾಪು, ದಿನಾ ಬೆಳಗಾದ್ರೆ ಅಳತೆ ತೆಗೆಯೋ ವರ್ನಿಯರ್ ಕೈಲಿರುತ್ತೆ, ಹಂಗಾಗಿ ಯಾರೋ ಹೇಳಿದ್ರು ಅಂತ ಬಿಡೋ ಬದ್ಲು ಅಳೆದೇ ನೋಡೋಣ ಅಂದ್ಕೊಂಡೆ. ದುಡ್ಡಿನ ವಿಷ್ಯ ಮಾತ್ರ ಕೇಳ್ಬೇಡಿ, ಮನೆಯವ್ರೂ ಇದನ್ನ ಓದ್ತಾರೆ.

ಮೊದ್ಲು ಆ ವಾಚು ಯಾಕೆ ಅಷ್ಟು ದಪ್ಪ ಅಂತ ಹೇಳ್ಬೇಕು, ಇಲ್ದಿದ್ರೆ ಬರೀ ಶೋಕಿಗೆ ದಪ್ಪ ಮಾಡವ್ರೆ ಅನ್ಸುತ್ತೆ. 2008ರಲ್ಲಿ ಬಂದಿದ್ದು ಇದು, 3,900 ಮೀಟರ್ ಆಳ ತಡ್ಯುತ್ತೆ ಅಂತ ಡಯಲ್ ಮೇಲೇ ಬರ್ದಿದಾರೆ. ನಮ್ಮ ಕೆಆರ್‌ಎಸ್ ತುಂಬಿ ತುಳುಕಿದ್ರೂ 124.80 ಅಡಿ, ಅಂದ್ರೆ 38 ಮೀಟರು. ಅಂಥ ನೂರು ಕೆಆರ್‌ಎಸ್ ಒಂದರ ಮೇಲೊಂದು ನಿಲ್ಸಿದ್ರೆ ಎಷ್ಟಾಗುತ್ತೋ ಹತ್ರತ್ರ ಅಷ್ಟು ಆಳ. ಹತ್ತು ಮೀಟರ್‌ಗೆ ಒಂದು ಅಟ್ಮಾಸ್ಫಿಯರ್, ಅಂದ್ರೆ ಸುಮಾರು ಒಂದು ಬಾರ್ ಪ್ರೆಶರ್ ಅಂತ ಲೆಕ್ಕ ಹಾಕಿದ್ರೆ 390 ಬಾರ್, ಆ ಗ್ಲಾಸಿನ ಮೇಲೆ ಮೂರು ಟನ್ನಿಗೆ ಕಡಿಮೆ ಇಲ್ಲದ ಭಾರ ಕೂತಂಗೆ. ಡೈವ್ ವಾಚಿಗೆ ಐಎಸ್ಒ 6425 ಅಂತ ಸ್ಟ್ಯಾಂಡರ್ಡ್ ಇದೆ, ಅದರ ಪ್ರಕಾರ ಬರೆದಿರೋ ಆಳಕ್ಕಿಂತ ನೂರಕ್ಕೆ 25 ಜಾಸ್ತಿ ಪ್ರೆಶರ್ ಕೊಟ್ಟು ಟೆಸ್ಟ್ ಮಾಡ್ಬೇಕು. ಇದನ್ನೆಲ್ಲ ತಡ್ಕೊಳ್ಳೋಕೆ ಗ್ಲಾಸೇ 5.5 ಎಂಎಂ ದಪ್ಪ, ಒಳಗೆ ಒಂದು ಗಟ್ಟಿ ಸ್ಟೀಲ್ ರಿಂಗು, ಹಿಂದೆ ಟೈಟಾನಿಯಂ ಮುಚ್ಚಳ. ನಾನು ಕೂಡ ಪ್ರೆಶರ್ ಟೆಸ್ಟಿಗೆ ಹೋಗೋ ಪಾರ್ಟುಗಳನ್ನ ಮಾಡಿರೋನು, ಆ ರಿಂಗ್ ಕೂರಿಸಿರೋ ಡ್ರಾಯಿಂಗ್ ನೋಡಿದಾಗ ನಂಗೆ ಆಸೆ ಹುಟ್ಟಿದ್ದು, ಬ್ರಾಂಡ್ ಹೆಸ್ರು ನೋಡಿ ಅಲ್ವೇ ಅಲ್ಲ. ಆದ್ರೆ ಇಷ್ಟೆಲ್ಲ ತುಂಬಿದ್ಮೇಲೆ ವಾಚಿನ ಎತ್ತರ 17.7 ಎಂಎಂ ಹತ್ರ ಹೋಗುತ್ತೆ, ನಿಜವಾದ ತೊಂದ್ರೆ ಇರೋದು ಇಲ್ಲೇ, ಆ 44ರಲ್ಲಿ ಅಲ್ಲ.

ಕೈ ಅಳೆಯೋದು ಹೆಂಗೆ ಅಂದ್ರೆ, ಎಲ್ರೂ ಟೇಪ್ ಸುತ್ತಿ ಬಿಡ್ತಾರೆ. ಸುತ್ತಳತೆ ಚೈನಿನ ಉದ್ದಕ್ಕೆ ಬೇಕು ಅಷ್ಟೇ. ವಾಚ್ ಕೂರೋದು ಮೇಲಿನ ಚಪ್ಪಟೆ ಜಾಗದಲ್ಲಿ, ಅದನ್ನ ವರ್ನಿಯರಲ್ಲಿ ಅಡ್ಡಕ್ಕೆ ಹಿಡಿದು ಅಳೀಬೇಕು. ಒಂದೇ ಸುತ್ತಳತೆ ಇರೋ ಇಬ್ರಲ್ಲಿ ಒಬ್ರ ಕೈ ದುಂಡಗೆ ಇನ್ನೊಬ್ರದು ಹಲಗೆ ಥರ ಇರುತ್ತೆ. ನನ್ನದು ಅದೃಷ್ಟಕ್ಕೆ ಚಪ್ಪಟೆ, ಅಡ್ಡಕ್ಕೆ 54 ಎಂಎಂ ಸಿಗ್ತು. ಚೈನ್ ಸಿಕ್ಕಿಸೋಕೆ ಕೇಸಿಂದ ಹೊರಗೆ ಚಾಚಿರೋ ಕೊಂಬಿಗೆ ಲಗ್ ಅಂತಾರೆ, ಡೀಪ್‌ಸೀ ಆ ಕಡೆ ಲಗ್ ತುದಿಯಿಂದ ಈ ಕಡೆ ಲಗ್ ತುದಿಗೆ 52ರ ಹತ್ರ. ಅಂದ್ರೆ ಎರಡೂ ಕಡೆ ಒಂದೊಂದು ಎಂಎಂ ಉಳೀತು, ಕಾಗದದ ಮೇಲೆ ಪಾಸು.

ಕಾಗದದ ಮೇಲೆ ಪಾಸಾಗೋದು ಕೈ ಮೇಲೆ ಫೇಲಾಗೋದು ನಮ್ಮ ಲೈನಲ್ಲಿ ದಿನಾ ನಡ್ಯೋದೇ. ಅದಕ್ಕೆ ಒಂದು ಡಮ್ಮಿ ಮಾಡ್ಸೋಣ ಅಂತ ಅಂದ್ಕೊಂಡೆ. ಸ್ಕ್ರ್ಯಾಪಲ್ಲಿ 45 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ತುಂಡು ಬಿದ್ದಿತ್ತು, ಲೇತಿಗೆ ಹಾಕಿ 44ಕ್ಕೆ ತಿರುಗ್ಸಿ, 17.7 ಎತ್ತರಕ್ಕೆ ಕಟ್ ಮಾಡ್ಸಿದೆ. ನಮ್ಮ ಟರ್ನರ್ ಪಾಂಡವಪುರದ ಕಡೆಯವ್ನು, ಜಾಬ್ ಕೈಲಿ ಹಿಡ್ಕೊಂಡು ತಿರುಗ್ಸಿ ತಿರುಗ್ಸಿ ನೋಡಿ, ಏನ್ ಸಾ ಇದು, ಯಾವ್ ಗಾಡಿ ಪಾರ್ಟು, ಡ್ರಾಯಿಂಗೇ ಇಲ್ವಲ್ಲ ಅಂದ. ವಾಚು ಕನಪ್ಪ ಅಂದಿದ್ದಕ್ಕೆ ನಕ್ಕು ಸುಮ್ನಾದ. ಸಾಲಿಡ್ಡಾಗೇ ಬಿಟ್ರೆ ಆ ತುಂಡೊಂದೇ 210 ಗ್ರಾಮ್ ಬರುತ್ತೆ, ನಿಜವಾದ ವಾಚು ಚೈನೆಲ್ಲ ಸೇರಿ ಅಷ್ಟಾಗೋದು, ಅದಕ್ಕೆ ಮೇಲಿಂದ ಬೋರ್ ಹೊಡ್ಸಿ ತೂಕ ಇಳ್ಸಿದೆ. ಕೆಳಗೆ 52 ಉದ್ದದ ಪಟ್ಟಿ ಕೂರ್ಸಿ, ಎರಡೂ ತುದಿ ಸ್ವಲ್ಪ ಬಗ್ಗಿಸಿ, ಹಳೇ ಕ್ಯಾನ್ವಾಸ್ ಬೆಲ್ಟು ತೂರಿಸಿ ಕಟ್ಕೊಂಡೆ. ಅದನ್ನ ಕಟ್ಕೊಂಡೇ ಶಾಪಲ್ಲಿ ಕೆಲ್ಸ, ಸ್ಕೂಟರು, ದೇವರಾಜ ಮಾರ್ಕೆಟ್ಟಲ್ಲಿ ತರಕಾರಿ, ಎಲ್ಲಾ ಆಯ್ತು. ಮಾರ್ಕೆಟ್ಟಲ್ಲಿ ಒಬ್ಬಮ್ಮ ಅದೇನ್ ಕೈಗೆ ಬೇಡಿ ಹಾಕವ್ರಲ್ಲಪ್ಪ ಅಂತ ಕೇಳೇಬಿಟ್ರು.

ಗೊತ್ತಾಗಿದ್ದೇನು ಅಂದ್ರೆ, ಅಗಲ ಒಂಚೂರೂ ತೊಂದ್ರೆ ಕೊಡ್ಲಿಲ್ಲ. ಕಾಟ ಕೊಟ್ಟಿದ್ದು ಎತ್ತರ. ತೂಕದ ನಡುಬಿಂದು ಮಣಿಕಟ್ಟಿಂದ ಮೇಲಕ್ಕೆ ಹೋದಷ್ಟೂ ವಾಚು ಹೊರಗಡೆ ವಾಲುತ್ತೆ, ಕೈ ಇಳಿಬಿಟ್ಟು ನಡೆದ್ರೆ ಕಿರುಬೆರಳ ಕಡೆ ಜಾರುತ್ತೆ, ಅದನ್ನ ತಡೆಯೋಕೆ ಬೆಲ್ಟ್ ಬಿಗಿ ಮಾಡಿದ್ರೆ ಸಂಜೆಗೆ ಕೈ ಮೇಲೆ ಬರೆ. ಹೋಲಿಸಿ ನೋಡೋಕೆ ಇನ್ನೊಂದು ಡಮ್ಮಿ, ಅದೇ 44 ಅಗಲ, ಎತ್ತರ ಮಾತ್ರ 13.5, ಅದು ಏನೂ ಗೊತ್ತೇ ಆಗ್ದಂಗೆ ಕೂತ್ಬಿಡ್ತು. ಆಮೇಲೆ ಸುಮ್ನೆ ಕುತೂಹಲಕ್ಕೆ ದಪ್ಪ ಡಮ್ಮಿಯ ಕೆಳಗಿನ ಅಂಚನ್ನ ದೊಡ್ಡದಾಗಿ ಓರೆಗೆ ಕತ್ತರಿಸಿ, ಅಂದ್ರೆ ಚೇಂಫರ್ ಹೊಡ್ಸಿ, ಮಧ್ಯದಲ್ಲಿ ಮಾತ್ರ ಚರ್ಮಕ್ಕೆ ತಾಗೋ ಹಂಗೆ ಮಾಡಿದೆ. ಎತ್ತರ ಅಷ್ಟೇ ಇದ್ರೂ ನೋಡೋರಿಗೆ ಎರಡು ಎಂಎಂ ಕಡಿಮೆ ಅನ್ನೋ ಹಂಗೆ ಕಾಣ್ತು, ಕೈ ಮಡಚಿದಾಗ ಅಂಚು ಒತ್ತೋದೂ ನಿಂತ್ಹೋಯ್ತು. ಒಳ್ಳೇ ಡಿಸೈನರು ದಪ್ಪ ಬಚ್ಚಿಡೋದು ಇಲ್ಲೇ. ಡೀಪ್‌ಸೀಲಿ ಹಿಂದಿನ ಮುಚ್ಚಳ ಸಣ್ಣ ಸುತ್ತಿನಲ್ಲಿ ಕೆಳಗೆ ಉಬ್ಬಿರುತ್ತೆ, ಆ ಉಬ್ಬು ಮಣಿಕಟ್ಟಿನ ಮಾಂಸದಲ್ಲಿ ಸ್ವಲ್ಪ ಹೂತ್ಕೊಳ್ಳುತ್ತೆ, ಪಕ್ಕದಿಂದ ನೋಡಿದ್ರೆ ಬರೀ ನಡುವಿನ ಕೇಸು ಕಾಣುತ್ತೆ.

ಬೇರೆ ದೊಡ್ಡ ವಾಚುಗಳನ್ನೂ ಈ ಕಣ್ಣಲ್ಲಿ ನೋಡೋಕೆ ಶುರು ಮಾಡ್ದೆ. ಬ್ಲಾಂಕ್‌ಪೇನ್ ಫಿಫ್ಟಿ ಫ್ಯಾದಮ್ಸ್ 1953ರಲ್ಲಿ ಫ್ರೆಂಚ್ ನೇವಿ ಈಜುಗಾರರ ಸಲಹೆ ತಗೊಂಡು ಮಾಡಿದ ವಾಚು, ಕತ್ತಲೆ ನೀರಲ್ಲಿ ಮುಳ್ಳು ಕಾಣ್ಲಿ ಅಂತ್ಲೇ ಆ ಕಾಲಕ್ಕೆ ದೊಡ್ಡದು ಮಾಡಿದ್ರು. ಈಗಿನ 45 ಎಂಎಂದು ಬೆಂಗ್ಳೂರಲ್ಲಿ ಒಬ್ರ ಹತ್ರ ಕಟ್ಟಿ ನೋಡಿದೆ, ಡೀಪ್‌ಸೀಗಿಂತ ಅಗಲ ಜಾಸ್ತಿ ಎತ್ತರ ಕಡಿಮೆ, ನನ್ನ ಕೈಗೆ ಅದೇ ಸುಲಭವಾಗಿ ಕೂತ್ಕೊಳ್ತು. ಸೀಕೋದವ್ರು 1975ರಲ್ಲಿ ಮಾಡಿದ 600 ಮೀಟರ್ ಟೈಟಾನಿಯಂ ವಾಚು, ಟ್ಯೂನಾ ಅಂತ ಕರೀತಾರೆ, ಅದು ಇನ್ನೂ ಜಾಣತನದ ಡಿಸೈನು. ಹೊರಗೆ ದೊಡ್ಡ ಕವಚ, ಲಗ್ಗೆಲ್ಲ ಅದರ ಅಡೀಗೆ, ಹೊರಗೆ ಚಾಚೋದು ಏನೂ ಇಲ್ಲ. ಅಳತೆ ಕೇಳಿದ್ರೆ ಹೆದ್ರಿಕೆ ಆಗುತ್ತೆ, ಕಟ್ಟಿದ್ರೆ ಸಣ್ಣ ಕೈಗೂ ಸರಿಹೋಗುತ್ತೆ. 2012ರಲ್ಲಿ ಸಿನಿಮಾ ಡೈರೆಕ್ಟರ್ ಜೇಮ್ಸ್ ಕ್ಯಾಮರಾನ್ ಸಮುದ್ರದ ಅತಿ ಆಳದ ಜಾಗ ಮರಿಯಾನಾ ಕಂದಕಕ್ಕೆ ಇಳಿದಾಗ ಸಬ್‌ಮರೀನ್ ಹೊರಗೆ ಕಟ್ಟಿದ್ದ ರೋಲೆಕ್ಸ್ 51.4 ಎಂಎಂ ಅಗಲ, 28.5 ಎಂಎಂ ದಪ್ಪ. ಅದನ್ನ ಕಟ್ಟಿದ್ದು ಮಷೀನಿನ ಕೈಗೆ, ಅದು ನಮ್ಮ ಲೆಕ್ಕಕ್ಕೆ ಬೇಡ.

ಇಷ್ಟೆಲ್ಲ ಆದ್ಮೇಲೂ ನಾನು ತಗೊಂಡಿದ್ದು ಡೀಪ್‌ಸೀನೇ, ಸೆಕೆಂಡ್‌ಹ್ಯಾಂಡು, 2018ರಲ್ಲಿ ಬಂದ ಮಾಡೆಲ್ಲು. ಹಳೇದಕ್ಕೂ ಇದಕ್ಕೂ ನೋಡೋಕೆ ಅಂಥ ವ್ಯತ್ಯಾಸ ಇಲ್ಲ, ಆದ್ರೆ ಲಗ್ಗು ಸ್ವಲ್ಪ ತೆಳ್ಳಗೆ, ಚೈನು ಅಗಲ ಮಾಡಿದಾರೆ. ತಲೆ ಭಾರದ ವಾಚಿಗೆ ಸಣ್ಣ ಚೈನ್ ಹಾಕಿದ್ರೆ ಅದು ಹಿಡಿತ ಕೊಡಲ್ಲ, ನನ್ನ ಮಟ್ಟಿಗೆ ದುಡ್ಡು ಜಾಸ್ತಿ ಕೊಟ್ಟಿದ್ದು ಆ ಒಂದು ಕಾರಣಕ್ಕೆ.

ಈಗ ಚೈನಿನ ವಿಷ್ಯ, ಫಿಟ್ಟಿಂಗಲ್ಲಿ ಮುಕ್ಕಾಲು ಪಾಲು ಇದೇ. ಲಿಂಕಿಗೆ ಸ್ಕ್ರೂ ಇರುತ್ತೆ, ಪಿನ್ ಅಲ್ಲ. ಕಂಪನಿಯಲ್ಲೇ ಸ್ಕ್ರೂ ಸಡಿಲ ಆಗ್ದಂಗೆ ಹಿಡಿಯೋ ಅಂಟು, ಥ್ರೆಡ್‌ಲಾಕರ್ ಹಾಕಿರ್ತಾರೆ, ತಣ್ಣಗಿದ್ದಾಗ ತಿರುಗ್ಸಿದ್ರೆ ಸ್ಕ್ರೂ ತಲೆ ಹಾಳಾಗೋದು ಗ್ಯಾರಂಟಿ. ನಾನು ಮೊದ್ಲು ಪಕ್ಕಕ್ಕೆಲ್ಲ ಮಾಸ್ಕಿಂಗ್ ಟೇಪ್ ಸುತ್ತಿ, ಮರದ ತುಂಡಲ್ಲಿ ಗ್ರೂವ್ ಕೊರೆದು ಚೈನ್ ಅದರಲ್ಲಿ ನಿಲ್ಲಿಸಿ, ಹೇರ್ ಡ್ರೈಯರಲ್ಲಿ ಆ ಲಿಂಕ್ ಮಾತ್ರ ಬಿಸಿ ಮಾಡಿ, ಸ್ಕ್ರೂಡ್ರೈವರ್ ಬ್ಲೇಡು ಸ್ಲಾಟಿಗೆ ಸರಿಯಾಗಿ ಕೂರೋ ಹಂಗೆ ಕಲ್ಲಲ್ಲಿ ಉಜ್ಜಿ ಆಮೇಲೆ ಕೈ ಹಾಕಿದ್ದು. ವಾಪಸ್ ಹಾಕುವಾಗ ನೀಲಿ ಥ್ರೆಡ್‌ಲಾಕರ್ ಸೂಜಿ ಮೊನೇಲಿ ಒಂದು ಚುಕ್ಕಿ. ಇಷ್ಟು ತಾಳ್ಮೆ ಇಲ್ಲ ಅಂದ್ರೆ ಗೊತ್ತಿರೋ ವಾಚ್ ರಿಪೇರಿಯವ್ರ ಹತ್ರ ಕೊಡಿ, ಆದ್ರೆ ಎದುರಿಗೆ ಕೂತು ಮಾಡಿಸಿ.

ಎಷ್ಟು ಲಿಂಕ್ ತೆಗೀಬೇಕು ಅನ್ನೋದಕ್ಕಿಂತ ಯಾವ ಕಡೆಯಿಂದ ತೆಗೀಬೇಕು ಅನ್ನೋದೇ ಮುಖ್ಯ. ಎರಡೂ ಕಡೆ ಸಮ ಸಮ ತೆಗೆದ್ರೆ ಕ್ಲಾಸ್ಪು, ಅಂದ್ರೆ ಚೈನ್ ಹಾಕೋ ಕೊಂಡಿ, ಮಣಿಕಟ್ಟಿನ ಕೆಳಗೆ ನಡುವಿಗೆ ಬರ್ದೆ ಒಂದ್ಕಡೆ ಸರ್ಕೊಳ್ಳುತ್ತೆ, ಆಗ ಮೇಲಿನ ವಾಚು ಇನ್ನೊಂದು ಕಡೆ ವಾಲುತ್ತೆ. ನಾನು 6 ಗಂಟೆ ಕಡೆಯಿಂದ ಜಾಸ್ತಿ ತೆಗೆದೆ, 12ರ ಕಡೆ ಉಳಿಸ್ದೆ, ಕ್ಲಾಸ್ಪು ಸರಿಯಾಗಿ ನಾಡಿ ಹಿಡಿಯೋ ಜಾಗದ ಮಧ್ಯಕ್ಕೆ ಬಂದು ಕೂತ್ಮೇಲೆ ತಲೆ ವಾಲೋದು ನಿಂತ್ತು. ಸ್ಟೀಲ್ ಚೈನು, ಸ್ಟೀಲ್ ಕ್ಲಾಸ್ಪು ಕೆಳಗಿಂದ ಎಳೀತಿರೋದ್ರಿಂದ ಮೇಲಿನ ತೂಕಕ್ಕೆ ಎದುರು ತೂಕ ಸಿಗುತ್ತೆ. ಇದು ಎಷ್ಟು ನಿಜ ಅಂತ ಗೊತ್ತಾಗಿದ್ದು ಹೊರಗಿನವ್ರ ರಬ್ಬರ್ ಸ್ಟ್ರಾಪ್ ಹಾಕಿ ನೋಡಿದಾಗ. ಒಟ್ಟು ತೂಕ ಕಡಿಮೆ ಆಯ್ತು, ಕೈಗೆ ಮಾತ್ರ ಜಾಸ್ತಿ ಭಾರ ಅನ್ಸೋಕೆ ಶುರುವಾಯ್ತು, ಯಾಕಂದ್ರೆ ತೂಕ ಎಲ್ಲ ಮೇಲೇ ಉಳೀತು. ನೈಲಾನ್ ಪಟ್ಟಿ ಇನ್ನೂ ಬೇಡ, ಅದು ವಾಚಿನ ಅಡಿಯಲ್ಲಿ ತೂರಿ ಹೋಗೋದ್ರಿಂದ ಇರೋ ಎತ್ತರಕ್ಕೆ ಮತ್ತೆ ಎತ್ತರ ಸೇರುತ್ತೆ. ತೆಳ್ಳಗಿರೋ ವಾಚಿಗೆ ಅದು ಚಂದ, ಇದಕ್ಕಲ್ಲ.

ಈ ಕ್ಲಾಸ್ಪಲ್ಲಿ ಗ್ಲೈಡ್‌ಲಾಕ್ ಅಂತ ಒಂದು ವ್ಯವಸ್ಥೆ ಇದೆ, ಟೂಲ್ ಏನೂ ಇಲ್ದೆ ಒಂದೊಂದು ಹಲ್ಲಿಗೆ 2 ಎಂಎಂ ಥರ ಜಾರಿಸ್ತಾ ಒಟ್ಟು 20 ಎಂಎಂ ತನಕ ಉದ್ದ ಮಾಡ್ಬೋದು. ಡೈವಿಂಗ್ ಸೂಟ್ ಮೇಲೆ ಕಟ್ಟೋಕೆ ಅಂತ ಕೊಟ್ಟಿರೋದು, ನಂಗೆ ಅದು ಉಪಯೋಗಕ್ಕೆ ಬರೋದು ಮೈಸೂರು ಬಿಸಿಲಿಗೆ. ಡಿಸೆಂಬರ್ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಇದ್ದ ಅಳತೆ ಏಪ್ರಿಲ್ ಮಧ್ಯಾಹ್ನ ಶಾಪ್ ಶೀಟಿನ ಕೆಳಗೆ ಇರಲ್ಲ, ಕೈ ಊದ್ಕೊಂಡಿರುತ್ತೆ. ಎರಡು ಹಲ್ಲು ಬಿಟ್ರೆ ಸರಿ, ಸಂಜೆ ಮತ್ತೆ ಒಂದು ಹಲ್ಲು ಒಳಗೆ. ದೊಡ್ಡ ವಾಚ್ ತಗೊಳ್ಳೋರು ಬೇರೆ ಏನು ಬಿಟ್ರೂ ಈ ಥರ ಸುಲಭವಾಗಿ ಸರಿಮಾಡೋ ಕ್ಲಾಸ್ಪ್ ಇಲ್ದೇ ಇರೋದನ್ನ ತಗೋಬೇಡಿ, ಇದು ನನ್ನ ಖಡಕ್ ಅಭಿಪ್ರಾಯ.

ಕಟ್ಟೋ ಜಾಗನೂ ಬದಲಾಯ್ಸಿದೆ. ಎಚ್‌ಎಂಟಿ ಕಟ್ಟಿದ್ದ ಹಂಗೆ ಅಂಗೈ ಹತ್ರ ಕಟ್ಟಿದ್ರೆ ಕ್ಲಚ್ ಹಿಡಿದು ಬೈಕ್ ಓಡಿಸುವಾಗ ಕ್ರೌನು, ಅಂದ್ರೆ ಕೀ ಕೊಡೋ ಗುಂಡಿ, ಕೈ ಹಿಂಭಾಗಕ್ಕೆ ಚುಚ್ಚುತ್ತೆ. ಕಿರುಬೆರಳ ಕಡೆ ಉಬ್ಬಿರೋ ಮೂಳೆ ಇದ್ಯಲ್ಲ, ಅದರ ಹಿಂದೆ, ಮೊಣಕೈ ಕಡೆಗೆ ಕಟ್ಟಿದ್ರೆ ಚುಚ್ಚಲ್ಲ, ಆ ಮೂಳೆನೇ ವಾಚು ಮುಂದಕ್ಕೆ ಜಾರ್ದಂಗೆ ತಡ್ಯುತ್ತೆ.

ಇನ್ನು ಉಳಿದಿದ್ದು ತುಂಬುತೋಳಿನ ಶರ್ಟು. 17.7 ಎಂಎಂ ಯಾವ ರೆಡಿಮೇಡ್ ಕಫ್ ಒಳಗೂ ಹೋಗಲ್ಲ, ಹೋದ್ರೂ ಗ್ಲಾಸಿನ ಸುತ್ತ ಇರೋ ರಿಂಗು, ಬೆಜೆಲ್, ಅದರ ಅಂಚು ಬಟ್ಟೆ ತಿಂದು ಹಾಕುತ್ತೆ. ಮದುವೆ ಮನೆಗೆ ತೋಳು ಮಡಚ್ಕೊಂಡು ಹೋದ್ರೆ ಇವ್ಳು ಬೈತಾಳೆ. ಅದಕ್ಕೆ ಶಿವರಾಂಪೇಟೆ ಟೈಲರ್ ಹತ್ರ ಎಡಗೈ ಕಫ್ ಗುಂಡಿ ಮುಂದಕ್ಕೆ ಹಾಕ್ಸಿ ಅರ್ಧ ಇಂಚು ಸಡಿಲ ಮಾಡ್ಸಿದೆ, ಬಲಗೈದು ಮಾಮೂಲಿ. ಅವ್ರು ಏನ್ ಸಾರ್, ಕೈಗೆ ಪೆಟ್ಟಾಗಿದ್ಯಾ ಅಂತ ಕೇಳಿದ್ರು, ವಾಚ್ ತೋರ್ಸಿದ್ಮೇಲೆ ಬಿಚ್ಚಬೇಡಿ ಸಾರ್ ಹಂಗೇ ಇರ್ಲಿ ಅಂತ ಅದರ ಮೇಲೇ ಟೇಪ್ ಸುತ್ತಿ ಅಳತೆ ಬರ್ಕೊಂಡ್ರು. ಈಗ ಹೊಸ ಶರ್ಟ್ ಹೊಲಿಸೋದೆಲ್ಲ ಅದೇ ಅಳತೆಗೆ.