ಊಟವಾದ ಮೇಲೆ ಹತ್ತು ನಿಮಿಷ: ಒಂದು ಅಭ್ಯಾಸವನ್ನು ನೆಲೆಗೊಳಿಸುವ ಬಗೆ

ಯುಗಾದಿಗೋ ಹೊಸ ವರ್ಷಕ್ಕೋ ಮಾಡಿಕೊಂಡ ಸಂಕಲ್ಪಗಳು ಆರಂಭಶೂರತ್ವದಲ್ಲೇ ಮುಗಿದುಹೋದರೆ ನಾವು ನಮ್ಮ ಮನೋಬಲವನ್ನು ಹಳಿದುಕೊಳ್ಳುತ್ತೇವೆ. ಆದರೆ ‘ಇನ್ನು ಮೇಲೆ ದಿನಾ ವ್ಯಾಯಾಮ ಮಾಡುತ್ತೇನೆ’ ಎಂಬ ಮಾತಿನಲ್ಲಿ ಯಾವಾಗ, ಎಲ್ಲಿ, ಎಷ್ಟು ಎಂಬುದೇ ಇರುವುದಿಲ್ಲವಾದ್ದರಿಂದ ಪ್ರತಿದಿನವೂ ಹೊಸದಾಗಿ ತೀರ್ಮಾನ ಮಾಡಬೇಕಾಗುತ್ತದೆ, ಮೈ ದಣಿದ ದಿನ ಆ ತೀರ್ಮಾನ ನಾಳೆಗೆ ಹೋಗುತ್ತದೆ. ಇದಕ್ಕೆ ನಾನು ನಂಬುವ ಪರಿಹಾರವೆಂದರೆ, ಎಂದೂ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೇ ಹೊಸ ಅಭ್ಯಾಸವನ್ನು ಕಟ್ಟಿಬಿಡುವುದು. ರಾತ್ರಿ ಊಟದ ನಂತರದ ನಡಿಗೆ ಅದಕ್ಕೆ ಒಳ್ಳೆಯ ಆರಂಭ.

ಅನ್ನ, ಮುದ್ದೆ, ಚಪಾತಿಗಳಲ್ಲಿರುವ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುವುದರಿಂದ ಊಟದ ನಂತರ ಸಕ್ಕರೆಯ ಮಟ್ಟ ಏರುತ್ತದೆ. ಆ ಹೊತ್ತಿನಲ್ಲಿ ನಡೆದರೆ ಕಾಲಿನ ಸ್ನಾಯುಗಳು ಅದೇ ಗ್ಲೂಕೋಸನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ, ಏರಿಕೆಯೂ ತಗ್ಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

ಕ್ರಮ ಹೀಗಿರಲಿ. ಊಟಕ್ಕೆ ಕೂರುವ ಮೊದಲೇ ಚಪ್ಪಲಿಯನ್ನು ಬಾಗಿಲ ಬಳಿ ಕಾಣುವಂತೆ ಇಡಿ. ಕೈ ತೊಳೆದು ಒರೆಸಿಕೊಂಡವರು ಸೋಫಾದ ಕಡೆಗೆ ತಿರುಗದೆ, ಮೊಬೈಲ್ ಕೈಗೆತ್ತಿಕೊಳ್ಳದೆ, ನೇರವಾಗಿ ಬಾಗಿಲಿಗೆ ಹೋಗಬೇಕು, ಏಕೆಂದರೆ ಒಮ್ಮೆ ಕುಳಿತರೆ ಮತ್ತೆ ಏಳುವುದು ಕಷ್ಟ. ರಸ್ತೆಯ ಕೊನೆಯ ಹಾಲಿನ ಬೂತಿನವರೆಗೆ ಹೋಗಿ ಬಂದರೂ ಸಾಕು. ಮಳೆಗಾಲದಲ್ಲಿ ಜಗಲಿಯಲ್ಲಿ, ಅಪಾರ್ಟ್‌ಮೆಂಟಿನಲ್ಲಾದರೆ ಮೊಗಸಾಲೆಯಲ್ಲಿ ಅತ್ತಿತ್ತ ನಡೆಯಬಹುದು. ತೀರಾ ಸೋತ ದಿನಕ್ಕೆಂದು ಎರಡು ನಿಮಿಷದ ನಡಿಗೆಯನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಅಭ್ಯಾಸವನ್ನು ಉಳಿಸುವುದು ಇಂಥ ದಿನಗಳೇ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ನಮ್ಮ ಬಹಳಷ್ಟು ಮನೆಗಳಲ್ಲಿ ಹೆಂಗಸರ ಊಟ ಕೊನೆಗೆ, ಆಮೇಲೆ ಪಾತ್ರೆ, ಒಲೆಕಟ್ಟೆ, ನಾಳೆಯ ಹಿಟ್ಟು. ಅವರಿಗೆ ‘ನೀವೂ ನಡೆಯಿರಿ’ ಎಂದು ಹೇಳಿದರೆ ಸಾಲದು. ಎಲ್ಲರೂ ಒಟ್ಟಿಗೆ ಉಂಡು, ಪಾತ್ರೆಗಳನ್ನು ನೆನೆಹಾಕಿ, ಒಟ್ಟಿಗೆ ಹೊರಟು, ಬಂದ ಮೇಲೆ ಕೆಲಸವನ್ನು ಹಂಚಿಕೊಳ್ಳುವ ಮನೆಯಲ್ಲಿ ಮಾತ್ರ ಈ ಅಭ್ಯಾಸ ಎಲ್ಲರದೂ ಆಗುತ್ತದೆ.

ಅಭ್ಯಾಸ 21 ದಿನಕ್ಕೆ ಕೂಡಿಬರುತ್ತದೆ ಎಂಬ ಪ್ರಚಲಿತ ಮಾತನ್ನು ನಂಬಿ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ನೆಲೆಗೊಳ್ಳಲು ಅರ್ಧದಷ್ಟು ಜನರಿಗೆ ಸುಮಾರು 66 ದಿನಗಳು ಸಾಕಾದವು, ಉಳಿದರ್ಧ ಜನರಿಗೆ ಅದಕ್ಕಿಂತ ಹೆಚ್ಚು ಬೇಕಾದವು; ವ್ಯಕ್ತಿಯಿಂದ ವ್ಯಕ್ತಿಗೆ ಈ ಅವಧಿ 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಆಗಲಿಲ್ಲ ಎಂಬುದೂ ಅದರಲ್ಲಿ ತಿಳಿದುಬಂತು. ಆದ್ದರಿಂದ ಮದುವೆಮನೆಗೆ ಹೋಗಿ ಒಂದು ರಾತ್ರಿ ತಪ್ಪಿದರೆ ಮರುದಿನ ಸುಮ್ಮನೆ ಮುಂದುವರಿಸಿ, ಬಾಕಿ ತೀರಿಸಲು ಎರಡರಷ್ಟು ನಡೆಯಬೇಕಿಲ್ಲ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾತ್ರಿಯ ಹತ್ತು ನಿಮಿಷ ವಾರಕ್ಕೆ 70 ಆಗುತ್ತದೆ, ಮಧ್ಯಾಹ್ನದ ಊಟದ ನಂತರವೂ ಅಷ್ಟೇ ಸೇರಿಸಿದರೆ 140. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ ನಡೆದರೆ ಅದು ಈ ಲೆಕ್ಕಕ್ಕೆ ಸೇರುತ್ತದೆ.

ಯೋಚಿಸದೆಯೇ ಹೊರಡುವಂತಾದ ಮೇಲೆಯೇ ಎರಡನೆಯ ಅಭ್ಯಾಸಕ್ಕೆ ಕೈಹಾಕಿ. ಉಪ್ಪು ಅದಕ್ಕೆ ತಕ್ಕ ವಿಷಯ. ಇದೇ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕು. ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಸೇರಿದೆ. ಮೊದಲಿಗೆ ಉಪ್ಪಿನ ಡಬ್ಬಿಯನ್ನು ಊಟದ ಮೇಜಿನಿಂದ ಅಡುಗೆಮನೆಗೆ ಸಾಗಿಸಿ, ಮಜ್ಜಿಗೆಗೆ ಉಪ್ಪಿನ ಬದಲು ಕರಿಬೇವು, ಶುಂಠಿ ಹಾಕಿ. ಸಾರಿನ ಉಪ್ಪನ್ನು ವಾರದಿಂದ ವಾರಕ್ಕೆ ಚಿಟಿಕೆಯಷ್ಟೇ ಇಳಿಸುತ್ತಾ ಬಂದರೆ ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ.