ಮಾಡಿಫೈ ಮಾಡಿಸಿದ ಗಾಡಿಗೆ ಎಷ್ಟು ರೇಟು ಹೇಳಬೇಕು?

ಮಾಡಿಫೈ ಮಾಡಿಸಿದ ಬೈಕು ಮಾರುವವರು ಹೆಚ್ಚಾಗಿ ಹೀಗೆ ಲೆಕ್ಕ ಹಾಕುತ್ತಾರೆ: ಗಾಡಿ ಬೆಲೆ ಇಷ್ಟು, ಹಾಕಿಸಿದ ಸಾಮಾನಿನ ಬಿಲ್ಲು ಇಷ್ಟು, ಎರಡೂ ಕೂಡಿ ಇಷ್ಟು. ಆ ರೇಟಿಗೆ ಗಾಡಿ ಹೋಗುವುದಿಲ್ಲ. ಅದೇ ದುಡ್ಡಿಗೆ ಕೈ ಹಚ್ಚದ ಗಾಡಿ ಸಿಗುವಾಗ ಇನ್ನೊಬ್ಬರ ರುಚಿಗೆ ಕಟ್ಟಿದ್ದನ್ನು ಯಾರೂ ಹೆಚ್ಚು ಕೊಟ್ಟು ಒಯ್ಯುವುದಿಲ್ಲ. ಇದೇ ಮಾಡೆಲ್, ಇದೇ ವರ್ಷದ, ಕಂಪನಿ ಸ್ಥಿತಿಯಲ್ಲಿರುವ ಗಾಡಿ ಕಲಬುರಗಿಯಲ್ಲಿ ಇವತ್ತು ಎಷ್ಟಕ್ಕೆ ಕೈ ಬದಲಾಗುತ್ತಿದೆ ಎಂಬುದರಿಂದ ಲೆಕ್ಕ ಶುರುವಾಗಬೇಕು. ಅದರ ಮೇಲೆ ಸ್ವಲ್ಪ ಕೂಡಿಸುವುದು, ಸಾಕಷ್ಟು ಕಳೆಯುವುದು.

ಮೂಲ ಬೆಲೆ ಹಿಡಿಯುವುದು

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ನಿಮ್ಮದೇ ಮಾಡೆಲಿನ, ಒಂದು ವರ್ಷ ಹಿಂದೆ-ಮುಂದಿನ ಏಳೆಂಟು ಜಾಹೀರಾತು ಆರಿಸಿ. ಕೆಎ-32 (ಕಲಬುರಗಿ), ಕೆಎ-33 (ಯಾದಗಿರಿ), ಕೆಎ-38 (ಬೀದರ) ನಂಬರಿನವು ಸಿಕ್ಕರೆ ಒಳ್ಳೆಯದು. ಮಾಡಿಫೈ ಆದವನ್ನು ಬಿಡಿ. ಎಲ್ಲಕ್ಕಿಂತ ಹೆಚ್ಚಿನದೊಂದು, ಕಡಿಮೆಯದೊಂದು ತೆಗೆದುಹಾಕಿ, ಉಳಿದವುಗಳ ನಡುವಿನ ರೇಟು ಹಿಡಿಯಿರಿ. ಅದು ಹೇಳುವ ರೇಟೇ ಹೊರತು ಕೈಗೆ ಬರುವ ರೇಟಲ್ಲ. ನೂರಕ್ಕೆ ಏಳೆಂಟು ರೂಪಾಯಿ ಇಳಿಸಿದರೆ ನಿಜವಾದ ಬೆಲೆಯ ಹತ್ತಿರ ಬರುತ್ತೀರಿ.

ಹೈದರಾಬಾದಿನ ರೇಟು ನೋಡಿ ಆಸೆಪಡಬೇಡಿ. ಅಲ್ಲಿಯವರು ನಿಮ್ಮ ಗಾಡಿ ಒಯ್ದರೆ ಇಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತೆಗೆಸಬೇಕು, ಅಲ್ಲಿಯ ತೆರಿಗೆ ಕಟ್ಟಬೇಕು. ಅಷ್ಟನ್ನು ನಿಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ. ತೆಲಂಗಾಣ ಅಥವಾ ಮಹಾರಾಷ್ಟ್ರ ನಂಬರಿನ ಗಾಡಿಯನ್ನು ಬೀದರಿನಲ್ಲಿ ಮಾರುವವರಿಗೂ ಇದೇ ಮಾತು ತಿರುಗಿ ಬರುತ್ತದೆ. ಹೊಸ ಗಾಡಿಯ ಬೆಲೆಯನ್ನೂ ಈಗಿನದ್ದೇ ನೋಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ಹೊಸದು ಅಗ್ಗವಾದಾಗ ಹಳೆಯದೂ ಇಳಿಯುತ್ತದೆ. ಅದಕ್ಕೂ ಮುಂಚೆ ಗೆಳೆಯ ಮಾರಿದ ರೇಟು ಈಗ ಲೆಕ್ಕಕ್ಕಿಲ್ಲ. 350 ಸಿಸಿಗಿಂತ ದೊಡ್ಡ ಗಾಡಿಗಳಿಗೆ ತೆರಿಗೆ 40 ಪ್ರತಿಶತ ಆಗಿರುವುದರಿಂದ ಅವುಗಳ ಲೆಕ್ಕ ಬೇರೆ.

ಯಾವುದಕ್ಕೆ ದುಡ್ಡು ಬರುತ್ತದೆ

ಕೊಳ್ಳುವವನು ಹೇಗಿದ್ದರೂ ತಾನೇ ಹಾಕಿಸುತ್ತಿದ್ದ ಸಾಮಾನಿಗೆ ಸ್ವಲ್ಪ ದುಡ್ಡು ಬರುತ್ತದೆ: ಕ್ರ್ಯಾಶ್ ಗಾರ್ಡ್, ಲಗೇಜ್ ಕ್ಯಾರಿಯರ್, ಒಳ್ಳೆಯ ಸೀಟು, ರಿಲೇ (ದೀಪಕ್ಕೆ ಬ್ಯಾಟರಿಯಿಂದ ನೇರ ಕರೆಂಟು ಕೊಡುವ ಸ್ವಿಚ್) ಹಾಕಿ ಕೂರಿಸಿದ ಫಾಗ್ ಲ್ಯಾಂಪ್, ಟ್ಯೂಬ್‌ಲೆಸ್ ಟೈರಿನ ಅಲಾಯ್ ವ್ಹೀಲ್. ಬಿಲ್ಲಿನ ಮೂರನೇ ಒಂದು ಭಾಗ ಹಿಡಿಯಿರಿ, ಸಾಮಾನು ಹೊಸದರಂತಿದ್ದರೆ ನೂರಕ್ಕೆ 40. ಬಿಲ್ಲು ಇಲ್ಲದಿದ್ದರೆ ಇನ್ನೂ ಕಡಿಮೆ. ಇದು ನಿಯಮವಲ್ಲ, ಚೌಕಾಸಿಯಲ್ಲಿ ನಿಲ್ಲುವ ಅಂದಾಜು.

ಬಣ್ಣ, ಗ್ರಾಫಿಕ್ಸ್, ಟ್ಯಾಂಕಿನ ಮೇಲಿನ ಹೆಸರು, ಕ್ರೋಮ್ ಹಚ್ಚಿಸಿದ್ದು, ಎಲ್ಲಕ್ಕೂ ಸೊನ್ನೆ. ಎಷ್ಟೇ ಚೆಂದವಿರಲಿ. ಮ್ಯಾಟ್ ಬಣ್ಣಕ್ಕಂತೂ ನಮ್ಮ ಬೇಸಿಗೆ ಶತ್ರು: ಗೀರು ಬಿದ್ದರೆ ಪಾಲಿಶ್ ಮಾಡಲು ಬರುವುದಿಲ್ಲ, ಬಿಸಿಲಿಗೆ ಟ್ಯಾಂಕಿನ ಮೇಲ್ಭಾಗವೊಂದೇ ಬೆಳ್ಳಗಾಗುತ್ತದೆ.

ಇನ್ನು ಗಾಡಿಯ ಮೇಲಿದ್ದರೆ ಬೆಲೆ ಇಳಿಸುವ, ಬಿಚ್ಚಿ ಬೇರೆ ಮಾರಿದರೆ ಮಾತ್ರ ದುಡ್ಡಾಗುವ ಸಾಮಾನು. ಜೋರು ಸದ್ದಿನ ಸೈಲೆನ್ಸರ್ ಇದರಲ್ಲಿ ಮೊದಲನೆಯದು. ಪೊಲೀಸರು ಇಂಥವನ್ನು ಕಿತ್ತು ರೋಡ್ ರೋಲರ್ ಹತ್ತಿಸಿದ ವಿಡಿಯೋ ನೋಡದವರಿಲ್ಲ. ಮನೆಯಲ್ಲಿ ಕಂಪನಿ ಸೈಲೆನ್ಸರ್ ಇದ್ದರೆ ಅದನ್ನೇ ಹಾಕಿ ಫೋಟೊ ತೆಗೆಯಿರಿ. ಬಿಚ್ಚಿಟ್ಟ ಕಂಪನಿ ಸಾಮಾನು ಒಂದು ಚೀಲದಲ್ಲಿ ಸಿದ್ಧವಿರುವುದು, ಮೇಲೆ ಹಾಕಿಸಿದ ಎಲ್ಲಕ್ಕಿಂತ ಹೆಚ್ಚಿನ ಬೆಲೆ ತರುತ್ತದೆ. ಸ್ಪೋಕ್ ವ್ಹೀಲ್, ಇಂಡಿಕೇಟರ್, ಮಿರರ್, ಹ್ಯಾಂಡಲ್, ಹಿಂದಿನ ಮಡ್‌ಗಾರ್ಡ್ ಯಾವುದನ್ನೂ ಗುಜರಿಗೆ ಹಾಕಬೇಡಿ.

ಯಮಾಹಾ ಆರ್‌ಎಕ್ಸ್ 100, ಹಳೆಯ ಯೆಜ್ಡಿಯಂಥ ಹಳೇ ಕಾಲದ ಗಾಡಿ ಇದ್ದರೆ ಕೂಡಿಸುವ ಮಾತೇ ಇಲ್ಲ. 1985ರಿಂದ 1996ರವರೆಗೆ ಬಂದ ಆರ್‌ಎಕ್ಸ್ 100ಕ್ಕೆ ಬೆಲೆ ಇರುವುದೇ ಅಸಲಿ ಸಾಮಾನಿನಿಂದ. ಡಿಸ್ಕ್ ಬ್ರೇಕ್, ಅಲಾಯ್ ಹಾಕಿದಷ್ಟೂ ಇಳಿಯುತ್ತದೆ. ಆರ್‌ಎಕ್ಸ್ 135ರ ಸಿಲಿಂಡರ್ ಬ್ಲಾಕ್ ಕೂರಿಸಿದ್ದರೆ ಇಂಜಿನ್ ಆರ್‌ಸಿಯಲ್ಲಿರುವ ಸಿಸಿಗೂ ಹೊಂದುವುದಿಲ್ಲ.

ಕಳೆಯಬೇಕಾದದ್ದು

ಕೊಳ್ಳುವವನು ಮಿಸ್ತ್ರಿಯನ್ನು ಕರೆತರುವ ಮೊದಲು ನೀವೇ ನೋಡಿಬಿಡಿ.

ಹೆಡ್‌ಲೈಟಿನ ಡೂಮ್ ಬಿಚ್ಚಿ. ಮಾಡಿಫೈ ಗಾಡಿಯ ಜಾತಕ ಅಲ್ಲಿರುತ್ತದೆ. ವೈರು ತಿರುವಿ ಕಪ್ಪು ಟೇಪು ಸುತ್ತಿದ ಜಾಯಿಂಟುಗಳು, ಕಂದು ಬಣ್ಣಕ್ಕೆ ತಿರುಗಿದ ಬಲ್ಬ್ ಹೋಲ್ಡರು ಕಂಡರೆ ರಿಲೇ ಇಲ್ಲದೆ ದೊಡ್ಡ ಬಲ್ಬ್ ಹಾಕಿದ್ದಾರೆ ಎಂದೇ ಅರ್ಥ. 60/55 ವ್ಯಾಟಿಗೆ ಮಾಡಿದ ವೈರಿಂಗಿನಲ್ಲಿ 100/90 ವ್ಯಾಟಿನ ಬಲ್ಬ್ ಓಡಿಸಿದರೆ ಮೊದಲು ಹೋಲ್ಡರ್ ಕರಗುತ್ತದೆ, ಆಮೇಲೆ ಹ್ಯಾಂಡಲ್ ಮೇಲಿನ ಸ್ವಿಚ್. ಪೂರಾ ವೈರಿಂಗ್ ಬದಲಿಸುವ ಖರ್ಚನ್ನು ಮಿಸ್ತ್ರಿ ಹತ್ತಿರ ಕೇಳಿ, ಅಷ್ಟನ್ನೂ ಕಳೆಯಿರಿ.

ಎತ್ತರದ ಹ್ಯಾಂಡಲ್ ಹಾಕಿದ್ದರೆ ಗಾಡಿ ನ್ಯೂಟ್ರಲ್‌ನಲ್ಲಿ ಚಾಲೂ ಇಟ್ಟು ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಎಕ್ಸಿಲೇಟರ್ ಮುಟ್ಟದೆಯೇ ರೇಸ್ ಏರಿದರೆ ಕೇಬಲ್ ಗಿಡ್ಡವಾಗಿ ಎಳೆಯುತ್ತಿದೆ. ತಿರುವಿನಲ್ಲಿ ಗಾಡಿ ತಾನೇ ನುಗ್ಗುತ್ತದೆ. ಇದನ್ನು ಸರಿಮಾಡಿಸಿಯೇ ಮಾರಬೇಕು. ರೇಟು ಕಡಿಮೆ ಮಾಡಿ ದಾಟಿಸುವ ವಿಷಯ ಅಲ್ಲ.

ಕೋನ್ ಫಿಲ್ಟರ್ (ಪೆಟ್ಟಿಗೆಯಿಲ್ಲದೆ ತೆರೆದಿರುವ ಏರ್ ಫಿಲ್ಟರ್) ಹಾಕಿಸಿದವರು ಹೊಗೆ ನೋಡಿಕೊಳ್ಳಿ. ಶಹಾಬಾದ, ವಾಡಿ, ಸೇಡಂ ಕಡೆ ಓಡಾಡಿದ ಗಾಡಿಯಾದರೆ ಕಲ್ಲಿನ ಪುಡಿ, ಸಿಮೆಂಟಿನ ಧೂಳು ಸೀದಾ ಸಿಲಿಂಡರಿಗೆ ಹೋಗಿರುತ್ತದೆ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಬೋರ್ ಕೆಲಸದ (ಸಿಲಿಂಡರ್ ಕೊರೆಸಿ ಪಿಸ್ಟನ್ ಬದಲಿಸುವ) ದುಡ್ಡು ಕಳೆಯಬೇಕು. ಹಿಂದೆ ಅಗಲ ಟೈರು ತುರುಕಿದ್ದರೆ ಚೈನ್ ಕವರಿಗೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೆ ಉಜ್ಜಿದ ಗುರುತು ಹುಡುಕಿ.

ಚಾಸಿ (ಗಾಡಿಯ ಫ್ರೇಮ್) ಕತ್ತರಿಸಿ ವೆಲ್ಡ್ ಮಾಡಿದ ಗಾಡಿಗೆ ಈ ಲೆಕ್ಕವೇ ಹತ್ತುವುದಿಲ್ಲ. ಅದು ಹೋಗುವುದು ಇಂಜಿನ್ನು ಮತ್ತು ಬಿಡಿಭಾಗಗಳ ಬೆಲೆಗೆ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇದು ಗೊತ್ತಿರುವ ಕೊಳ್ಳುವವನು ಒಂದೊಂದು ಬದಲಾವಣೆಗೂ ಐದೈದು ಸಾವಿರ ಇಳಿಸಿ ಮಾತಾಡುತ್ತಾನೆ. ಆರ್‌ಸಿಯಲ್ಲಿ ಕಪ್ಪು ಎಂದಿದ್ದು ಗಾಡಿ ಕೆಂಪಗಿದ್ದರೆ ಅನುಮತಿ ಪಡೆದು ಆರ್‌ಸಿಯಲ್ಲಿ ಬಣ್ಣ ಸೇರಿಸಿ, ಇಲ್ಲವೇ ಹಳೆಯ ಬಣ್ಣಕ್ಕೆ ತನ್ನಿ. ಪೌಡರ್ ಕೋಟಿಂಗ್ ದಪ್ಪಗಾಗಿ ಚಾಸಿ ನಂಬರ್ ಮುಚ್ಚಿಹೋಗಿದೆಯೋ ನೋಡಿ: ಎನ್‌ಒಸಿ ಅರ್ಜಿಗೆ ಪೆನ್ಸಿಲ್ ಪ್ರಿಂಟ್ (ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಬೇಕು, ನಂಬರ್ ಮೂಡದಿದ್ದರೆ ವ್ಯವಹಾರ ಅಲ್ಲೇ ನಿಲ್ಲುತ್ತದೆ. ಸಾಲದ ಮೇಲೆ ತೆಗೆದ ಗಾಡಿಯಾದರೆ ಫಾರಂ 35 ಕೊಟ್ಟು ಬ್ಯಾಂಕಿನ ಹೆಸರು ತೆಗೆಸಿ. ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ಪ್ಲೇಟ್) ಇರಲಿ, ಹೊಗೆ ತಪಾಸಣೆ ಮತ್ತು ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ. ಮಾಡಿಫೈ ಮಾಡಿದ್ದನ್ನು ಪಾಲಿಸಿಯಲ್ಲಿ ಹೇಳಿಲ್ಲದಿದ್ದರೆ ಕ್ಲೇಮಿಗೆ ತಕರಾರು ಬರುತ್ತದೆ ಎಂಬುದನ್ನೂ ಕೊಳ್ಳುವವನಿಗೆ ಮುಚ್ಚಿಡಬೇಡಿ.

ಒಂದು ಲೆಕ್ಕ

2018ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಕೆಎ-32, 42,000 ಕಿ.ಮೀ. ಓಡಿದೆ ಎಂದಿಟ್ಟುಕೊಳ್ಳಿ. ಅಂಕಿಗಳೆಲ್ಲ ರೀತಿ ತೋರಿಸಲಷ್ಟೇ. ನಿಮ್ಮ ವಾರದ ರೇಟು ನೀವೇ ಹಿಡಿಯಬೇಕು. ಜಾಹೀರಾತಿನ ನಡುವಿನ ರೇಟು 98,000, ಅದನ್ನು ಇಳಿಸಿ ಮೂಲ ಬೆಲೆ 90,000.

ಮಾಲೀಕರು ಹಾಕಿದ್ದು: ಕ್ರ್ಯಾಶ್ ಗಾರ್ಡ್ 4,000, ಸೀಟು 5,500, ಫಾಗ್ ಲ್ಯಾಂಪ್ 5,000, ಅಲಾಯ್ 15,000, ಬಣ್ಣ 18,000, ಸೈಲೆನ್ಸರ್ 7,000. ಒಟ್ಟು 54,500. ಇದರಲ್ಲಿ ಬೆಲೆಗೆ ಸೇರುವುದು ಗಾರ್ಡಿಗೆ 1,600, ಸೀಟಿಗೆ 2,000, ದೀಪಕ್ಕೆ 1,500, ಸ್ಪೋಕ್ ವ್ಹೀಲ್ ಜೊತೆಗೆ ಕೊಡುವುದಾದರೆ ಅಲಾಯ್‌ಗೆ 5,000: ಒಟ್ಟು 10,100. ಕಳೆಯುವುದು ಚೈನ್ ಸ್ಪ್ರಾಕೆಟ್ ಸೆಟ್ಟಿಗೆ 3,000, ಸವೆದ ಮುಂದಿನ ಟೈರಿಗೆ 2,500, ಆರ್‌ಸಿಗೆ ಹೊಂದದ ಬಣ್ಣಕ್ಕೆ 5,000: ಒಟ್ಟು 10,500. ಉಳಿದದ್ದು 89,600. ಐವತ್ನಾಲ್ಕೂವರೆ ಸಾವಿರ ಸುರಿದ ಗಾಡಿ ಕೈ ಹಚ್ಚದ ಗಾಡಿಗಿಂತ 400 ರೂಪಾಯಿ ಕಡಿಮೆಗೆ ಬಂದು ನಿಂತಿತು. ಸೈಲೆನ್ಸರ್ ಬೇರೆ ಮಾರಿ ಬಂದದ್ದು ಮಾತ್ರ ಲಾಭ.

ಹೇಳುವ ರೇಟು, ಬಿಡುವ ರೇಟು

ಈ ಗಾಡಿಗೆ 95,000 ಹೇಳಿ, 87,000ಕ್ಕಿಂತ ಕೆಳಗೆ ಇಳಿಯಬೇಡಿ. 1,20,000 ಹೇಳಿ ಆಮೇಲೆ ಇಳಿಸೋಣ ಎಂದರೆ ಫೋನೇ ಬರುವುದಿಲ್ಲ. ಕೆಳಗಿನ ರೇಟನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಗಾಡಿ ನೋಡದೆಯೇ «ಯಣ್ಣಾ, ಲಾಸ್ಟ್ ಎಷ್ಟ್ ಹೇಳ್ರಿ» ಎನ್ನುವವರೇ ಹೆಚ್ಚು. «ಬಂದ್ ಗಾಡಿ ನೋಡ್ರಿ, ಕುಂತ್ ಮಾತಾಡೋಣು» ಎನ್ನುವುದೇ ಉತ್ತರ. ಜಾಹೀರಾತಿನಲ್ಲಿ ಮಾಡಿಫೈ ಖರ್ಚಿನ ಮೊತ್ತ ಬರೆಯಬೇಡಿ. ಏನೇನು ಹಾಕಿದೆ, ಯಾವ ಕಂಪನಿ ಸಾಮಾನು ಜೊತೆಗೆ ಕೊಡುತ್ತೀರಿ, ಯಾವ ಕೆಲಸ ಬಾಕಿ ಇದೆ ಎಂದು ಬರೆಯಿರಿ. ಬಿಚ್ಚಿದ ಡೂಮಿನೊಳಗಿನ ವೈರಿಂಗ್ ಫೋಟೊ ಒಂದು ಹಾಕಿದರೆ ಅರ್ಧ ಅನುಮಾನ ಕಳೆಯುತ್ತದೆ.

ಅವಸರವಿಲ್ಲದಿದ್ದರೆ ತೊಗರಿ ರಾಶಿ ಮುಗಿದು ರೈತರ ಕೈಗೆ ದುಡ್ಡು ಬರುವ ಜನವರಿಯಿಂದ ಮಾರ್ಚ್‌ ನಡುವೆ ಮಾರಿ. ಬೀಜ, ಗೊಬ್ಬರ, ಶಾಲೆ ಫೀಸು ಒಟ್ಟಿಗೆ ಬೀಳುವ ಜೂನ್‌ನಲ್ಲಿ ಕೊಳ್ಳುವವರು ಕಡಿಮೆ. ಮೂರು ವಾರ ಯಾರೂ ನೋಡಲು ಬರದಿದ್ದರೆ ಎರಡು-ಮೂರು ಸಾವಿರ ಇಳಿಸಿ ಹೊಸ ಜಾಹೀರಾತು ಹಾಕಿ. ನೋಡಲು ಬಂದವರೆಲ್ಲ ಒಂದೇ ಕೊರತೆ ಹೇಳಿ ಹೋಗುತ್ತಿದ್ದರೆ ರೇಟು ಬಿಟ್ಟು ಆ ಕೊರತೆ ಸರಿಮಾಡಿಸಿ.

ಟೆಸ್ಟ್ ರೈಡ್ ಕೇಳಿದವರ ಲೈಸೆನ್ಸ್ ನೋಡಿ, ಅವರು ಬಂದ ಗಾಡಿಯ ಕೀಲಿ ನಿಮ್ಮ ಹತ್ತಿರ ಇಟ್ಟುಕೊಂಡು ಕೊಡಿ. ಸಂಚಕಾರ ಪಡೆದರೆ ಎಷ್ಟು ದಿನಕ್ಕೆ ಎಂದು ಬರೆದುಕೊಡಿ. ಪೂರ್ತಿ ದುಡ್ಡು ಬಂದ ದಿನವೇ ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಬೇಕಾದ ಸಹಿ ಮಾಡಿ, ಗಾಡಿ ಒಪ್ಪಿಸಿದ ತಾರೀಖು ಮತ್ತು ವೇಳೆ ಬರೆದ ಚೀಟಿ ಮಾಡಿಕೊಳ್ಳಿ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಇನ್ಶೂರೆನ್ಸಿನಲ್ಲಿ ಸಿಗುವ ರಿಯಾಯಿತಿ) ನಿಮ್ಮದು, ಗಾಡಿಯದ್ದಲ್ಲ. ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ಪಡೆದುಕೊಳ್ಳಿ, ಹೊಸ ಗಾಡಿಗೆ ಬರುತ್ತದೆ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಮಾಲೀಕರ ಹೆಸರು ಬದಲಾಗುವವರೆಗೆ ಆಗಾಗ ನೋಡುತ್ತಿರಿ, ಆ ಚೀಟಿಯನ್ನೂ ಅಲ್ಲಿಯತನಕ ಕಳೆಯಬೇಡಿ.